ನಾಲೆ ಕರೆಯುತ್ತದೆಂದು ಬರೆದವಳು

ಭಾನುವಾರ ಬೆಳಿಗ್ಗೆ ಎಂಟಕ್ಕೆ ಲೋಕಮ್ಮ ಟೀಚರ ಮನೆಯ ಜಗಲಿಯಲ್ಲಿ ಒಬ್ಬ ಗಂಡಸು ಕೂತಿದ್ದ. ಕೂತಿದ್ದ ಎನ್ನುವುದೂ ಪೂರ್ತಿ ಸರಿಯಲ್ಲ. ಕೂರುತ್ತಿದ್ದ, ಏಳುತ್ತಿದ್ದ, ಗೇಟಿನವರೆಗೆ ಹೋಗಿ ರಸ್ತೆ ನೋಡಿ ಮತ್ತೆ ಬಂದು ಕೂರುತ್ತಿದ್ದ. ಪಕ್ಕದ ಮನೆಯಲ್ಲಿ ಬ್ಲೌಸ್ ಕತ್ತರಿಸುತ್ತಿದ್ದ ಹಮೀದಾ ಕಿಟಕಿಯಿಂದ ಇದನ್ನೆಲ್ಲ ನೋಡಿ, ಕತ್ತರಿ ಕೆಳಗಿಟ್ಟು, ಸ್ಕೂಟರಿನ ಕೀಲಿ ಕೈಗೆತ್ತಿಕೊಂಡಳು. ಅಂಥ ಗಂಡಸರು ಆ ಜಗಲಿಗೆ ಬಂದ ದಿನ ಹೊಲಿಗೆ ಮುಂದೆ ಸಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಲೋಕಮ್ಮ ಸೊರಬದಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಸುಳ್ಳು ಉಯಿಲು, ಹೆಸರಿಲ್ಲದ ಅರ್ಜಿ, ಬೆದರಿಕೆ ಪತ್ರ, ಹೀಗೆ ಕಾಗದದ ಮೇಲಿನ ತಕರಾರು ಏನೇ ಇದ್ದರೂ ಸುತ್ತಲಿನ ಠಾಣೆಗಳವರು ಅವರನ್ನು ಕೇಳುತ್ತಿದ್ದರು. ಅವರಿಗೆ ಗಾಡಿ ಓಡಿಸಲು ಬಾರದು, ಒಂದು ಕಡೆ ಕೂರಲೂ ಬಾರದು. ಹಾಗಾಗಿ ಹತ್ತು ವರ್ಷದಿಂದ ಹಮೀದಾಳೇ ಅವರ ಸಾರಥಿ. ಅವಳು ಓದಿದ್ದು ಏಳನೇ ಕ್ಲಾಸು.

ಬಂದವನ ಹೆಸರು ಮಾಳೇಶ. ಅಂಜನಾಪುರದ ಹತ್ತಿರದ ಹಳ್ಳಿಯವನು, ಕುರಿ ಸಾಕುವವನು. ಲೋಕಮ್ಮ ಹೊರಗೆ ಬಂದದ್ದೇ ತಡ, ಚೀಟಿಯೊಂದರ ಫೋಟೋ ತೆರೆದ ಮೊಬೈಲು ಮುಂದೆ ಹಿಡಿದ.

"ಇದನ್ನೊಂದ್ಸಲ ಓದ್ರಿ ಟೀಚರೇ. ನಮ್ ರೋಜಾ ಬರ್ದಿದ್ದು ಅಂತಾರೆ. ಸಾಯಕ್ ಹೋಗ್ತೀನಿ ಅಂತ ಬರ್ದಾಳಂತೆ. ನನ್ ಮಗ್ಳು ಅಂಥಾಕಿ ಅಲ್ರೀ."

ರೋಜಾಗೆ ಇಪ್ಪತ್ತೆರಡು ವರ್ಷ. ಶಿಕಾರಿಪುರದಲ್ಲಿ ರೂಮು ಮಾಡಿಕೊಂಡು, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಒಂದು ಕೋಚಿಂಗ್ ಸೆಂಟರಿನಲ್ಲಿ ಓದುತ್ತಿದ್ದಳು. ಶುಕ್ರವಾರ ಸಂಜೆ ಬಸ್ಸಿಳಿದು ನಾಲೆಯ ಏರಿ ಮೇಲೆ ಊರಿಗೆ ನಡೆದು ಬರುತ್ತಿದ್ದವಳು ಮನೆ ಮುಟ್ಟಲಿಲ್ಲ. ಎಮ್ಮೆಗೆ ನೀರು ಕುಡಿಸಲು ಬಂದವನೊಬ್ಬ, ತೂಬಿನ ಕಲ್ಲಿಗೆ ತಲೆ ಒಡೆದುಕೊಂಡು ಅರ್ಧ ನೀರಿನಲ್ಲಿ ಬಿದ್ದಿದ್ದ ಅವಳನ್ನು ಮೇಲೆಳೆದಿದ್ದ. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಶನಿವಾರ ಅವಳ ನೋಟ್‌ಬುಕ್ಕಿನಲ್ಲಿ ಈ ಚೀಟಿ ಸಿಕ್ಕಿತ್ತು. ಅಲ್ಲಿಂದ ಊರಿಗೆಲ್ಲ ಒಂದೇ ಮಾತು: ಹುಡುಗಿ ಹಾರಿಕೊಂಡಳು.

ಲೋಕಮ್ಮ ಚೀಟಿಯನ್ನು ನಿಂತೇ ಓದಿದರು. ಇಂಗ್ಲಿಷಿನಲ್ಲಿತ್ತು. ಹಮೀದಾಳಿಗಾಗಿ ಕನ್ನಡದಲ್ಲಿ ಸಾಲು ಸಾಲಾಗಿ ಹೇಳಿದರು:

"ನನ್ನ ದಿನಗಳು ಹಿಂಡು ತಪ್ಪಿದ ಮರಿಯ ಹಾಗಿವೆ. ಈ ಬದುಕು ಬಾಗಿಲಿಲ್ಲದ ದೊಡ್ಡಿ. ನಾಲೆ ದಿನವೂ ಸಂಜೆ ನನ್ನ ಹೆಸರು ಹಿಡಿದು ಕರೆಯುತ್ತದೆ. ನಾನು ಸಾವಿರ ಸಲ ಸತ್ತಿದ್ದೇನೆ. ಮೌನದ ಗದ್ದಲಕ್ಕೆ ನನ್ನ ಕಿವಿ ಕಿವುಡಾಗಿದೆ. ಓ ನಿದ್ದೆಯೇ, ಈ ಸಲ ನನ್ನನ್ನು ಎಬ್ಬಿಸಬೇಡ."

ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಮೇಲೆ ಇನ್ನೇನು ಉಳಿಯಿತು ಎನಿಸಿತು ಹಮೀದಾಳಿಗೆ. ಆದರೆ ಲೋಕಮ್ಮ ಎರಡನೇ ಸಲ ಓದಿದರು, ಮೂರನೇ ಸಲ ಬೆರಳು ಮಡಚುತ್ತ ಓದಿದರು. ಆಮೇಲೆ ಚಪ್ಪಲಿ ಹಾಕಿಕೊಂಡರು.

"ಅಕ್ಷರ ಮಗಳದ್ದೇನಾ?"

"ಅವಳದ್ದೇ ರೀ. ಅದೇ ನನ್ ಹೊಟ್ಟೆ ಉರಿಸ್ತಿರೋದು."

"ನಡಿಯೇ ಹಮೀದಾ," ಎಂದರು ಲೋಕಮ್ಮ. "ಕೂತ್ರೆ ಆಗೂದಿಲ್ಲ."

*

ಶಿಕಾರಿಪುರದ ಆಸ್ಪತ್ರೆಯಲ್ಲಿ ಎಎಸ್‌ಐ ಜಟ್ಟಪ್ಪ ಬಾಗಿಲ ಹೊರಗೆ ಕಾಯುತ್ತಿದ್ದ. ಒಳಗೆ ರೋಜಾ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಳು. ಅವಳು ಕಣ್ಣು ತೆರೆದರೆ ಎಲ್ಲವೂ ಬಗೆಹರಿಯುತ್ತಿತ್ತು. ಆದರೆ ಯಾವಾಗ ತೆರೆಯುತ್ತಾಳೆ ಎಂದು ಡಾಕ್ಟರೂ ಹೇಳಲಾರರು.

ಜಟ್ಟಪ್ಪ ಪ್ಲಾಸ್ಟಿಕ್ ಕವರಿನಲ್ಲಿದ್ದ ಮೂಲ ಚೀಟಿಯನ್ನು ತೋರಿಸಿದ. "ಕೇಸು ನೇರವಾಗೇ ಐತೆ ಟೀಚರೇ. ನಾಲೆ ಕರೀತೈತೆ ಅಂತ ಬರ್ದಾಳೆ, ನಾಲೆಗೇ ಹೋಗಿ ಬಿದ್ದಾಳೆ."

ಲೋಕಮ್ಮ ಚೀಟಿಯನ್ನು ಬೆಳಕಿಗೆ ಹಿಡಿದರು. ಎಡಗಡೆಯ ಅಂಚೂ ಮೇಲಿನ, ಕೆಳಗಿನ ಅಂಚುಗಳೂ ಗೆರೆ ಎಳೆದಷ್ಟು ನೇರವಾಗಿದ್ದವು. ಹಮೀದಾ ಅದನ್ನೇ ನೋಡಿ, "ಇದು ಕತ್ತರೀಲಿ ಕತ್ತರಿಸಿದ್ದಲ್ಲ ಅಕ್ಕ," ಎಂದಳು. "ಕತ್ತರಿ ಎಷ್ಟೇ ಚೂಪಿದ್ರೂ ಮಧ್ಯ ಒಂದ್ಸಲ ನಿಂತು ಮುಂದೆ ಹೋಗುತ್ತೆ, ಅಲ್ಲಿ ಒಂದು ಸೊಟ್ಟ ಬೀಳುತ್ತೆ. ಇದು ಒಂದೇ ಏಟಿಗೆ ಬಿದ್ದಿದೆ."

ಅಲ್ಲಿಂದ ರೋಜಾಳ ರೂಮಿಗೆ ಹೋದರು. ಜೊತೆಗಾತಿ ನಾಗಶ್ರೀ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಶನಿವಾರ ಬೆಳಿಗ್ಗೆ ಸೆಂಟರ್ ಮುಂದೆ ಹೋಗ್ತಿದ್ದೆ ರೀ. ಅಲ್ಲಿ ಆಫೀಸ್ ನೋಡ್ಕೊಳ್ಳೋ ಹರೀಶ ಕರೆದು, ರೋಜಾದು ನೋಟ್‌ಬುಕ್ ಟೇಬಲ್ ಮೇಲಿತ್ತು ಅಂತ ಕೊಟ್ಟ. ರೂಮಿಗೆ ಬಂದು ತೆಗೆದ್ರೆ ಇದು ಬಿತ್ತು. ಪೊಲೀಸ್ನೋರು ಚೀಟಿ ತಗೊಂಡು ಹೋದ್ರು, ಬುಕ್ಕು ಇಲ್ಲೇ ಐತೆ."

ನೋಟ್‌ಬುಕ್ ಹೊಸದು. ಏನೂ ಬರೆದಿರಲಿಲ್ಲ. ಮೊದಲ ಹಾಳೆ ಮಾತ್ರ ಇರಲಿಲ್ಲ. ಹಮೀದಾ ಕುತ್ತಿಗೆಯಲ್ಲಿ ಸದಾ ನೇತಾಡುವ ಟೇಪು ತೆಗೆದು ಅಳೆದಳು. ಆಸ್ಪತ್ರೆಯಲ್ಲಿ ಚೀಟಿಯನ್ನೂ ಅಳೆದಿದ್ದಳು. ಚೀಟಿ ಅಗಲದಲ್ಲಿ ಒಂದೂವರೆ ಇಂಚು ಕಮ್ಮಿ, ಉದ್ದದಲ್ಲಿ ಅರ್ಧಕ್ಕಿಂತ ಕಮ್ಮಿ.

"ಇದಕ್ಕೆ ಮುಂಚಿನ ನೋಟ್‌ಬುಕ್ ಇದೆಯೇನಮ್ಮಾ?" ಎಂದು ಕೇಳಿದರು ಲೋಕಮ್ಮ.

ನಾಗಶ್ರೀ ಟ್ರಂಕಿನಿಂದ ಹಳೆಯದೊಂದನ್ನು ತೆಗೆದುಕೊಟ್ಟಳು. ಪ್ರತಿ ಪುಟದ ಮೇಲೂ ಇಂಗ್ಲಿಷಿನಲ್ಲಿ ಒಂದೊಂದು ಶೀರ್ಷಿಕೆ: ಮಳೆ, ಹಸಿವು, ಸಂತೋಷ. ಕೆಳಗೆ ಏಳೇಳು ಸಾಲು. ಸೆಂಟರಿನ ಮಾಲೀಕ ಸದಾಶಿವಪ್ಪ ಮೇಷ್ಟ್ರು ಅವಳೊಬ್ಬಳಿಗೇ ವಾರಕ್ಕೊಂದು ವಿಷಯ ಕೊಟ್ಟು ಬರೆಸುತ್ತಿದ್ದರಂತೆ. "ನೀನು ಚಲೋ ಬರೀತೀಯ, ನಿಂಗೆ ಸ್ಪೆಷಲ್ ಅಂತಿದ್ರಂತೆ ರೀ."

"ಈಚೆಗೆ ಅವಳು ಬೇಜಾರಲ್ಲಿ ಇದ್ದಳಾ?"

ನಾಗಶ್ರೀ ದನಿ ತಗ್ಗಿಸಿದಳು. "ಗುರುವಾರ ಶಿರಾಳಕೊಪ್ಪಕ್ಕೆ ಹೋಗಿ ಬಂದ್ಲು. ಬಂದೋಳು ಊಟ ಮಾಡ್ಲಿಲ್ಲ. ಕೇಳಿದ್ರೆ, ಪ್ರೆಸ್ಸಲ್ಲಿ ಒಂದು ನೋಡ್ದೆ, ಸರ್ ಹತ್ರ ಮಾತಾಡ್ಬೇಕು ಅಂದ್ಲು. ಅಳ್ತಿರ್ಲಿಲ್ಲ ರೀ, ಸಿಟ್ಟಲ್ಲಿದ್ಲು. ಇನ್ನೊಂದು ವಿಷಯ... ಹರೀಶ ಅವಳನ್ನ ಮದ್ವೆ ಆಗ್ತೀನಿ ಅಂತ ಕೇಳಿದ್ದ. ಇವಳು ಆಗಲ್ಲ ಅಂದಿದ್ಲು."

ಹಮೀದಾಳಿಗೆ ಅಷ್ಟು ಸಾಕಾಯಿತು. ಸೆಂಟರಿಗೆ ಹೋದಾಗ ಅವಳ ಕಣ್ಣು ಮೊದಲು ಹುಡುಕಿದ್ದೇ ಹರೀಶನನ್ನು. ಮೂವತ್ತರ ಹತ್ತಿರದ ಬಡಕಲು ಯುವಕ. ಅವನ ಮೇಜಿನ ಮೇಲೆ ಜೆರಾಕ್ಸ್ ಮೆಷೀನು, ಅದರ ಪಕ್ಕದಲ್ಲಿ ಉದ್ದ ಹಿಡಿಯ ಪೇಪರ್ ಕಟರು. ಹಮೀದಾ ಲೋಕಮ್ಮನವರ ಮೊಣಕೈ ತಿವಿದಳು.

"ಶುಕ್ರವಾರ ಸಂಜೆ ಎಲ್ಲಿದ್ದೆಯಪ್ಪಾ?" ಎಂದು ಕೇಳಿದರು ಲೋಕಮ್ಮ.

"ಕೆಲಸದ ಮೇಲೆ ಹೋಗಿದ್ದೆ ರೀ." ಅವನು ಒಳಕೋಣೆಯ ಬಾಗಿಲ ಕಡೆ ನೋಡಿ ಬಾಯಿ ಮುಚ್ಚಿಕೊಂಡ. ಸೆಂಟರಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂದರೆ, ಒಂದು ತನ್ನ ಹತ್ತಿರ, ಇನ್ನೊಂದು ಸರ್ ಹತ್ತಿರ ಎಂದ. ಪೊಲೀಸರು ನಿನಗೆ ಚೀಟಿ ತೋರಿಸಿದರಾ ಎಂದರೆ, "ತೋರ್ಸಿದ್ರು, ಇಂಗ್ಲಿಷು ನನ್ಗೆ ಅಷ್ಟಕ್ಕಷ್ಟೆ," ಎಂದು ತಲೆ ಬಗ್ಗಿಸಿದ.

ಸದಾಶಿವಪ್ಪ ಮೇಷ್ಟ್ರು ಹೊರಗೆ ಬಂದರು. ಐವತ್ತು ದಾಟಿದ, ಇಸ್ತ್ರಿ ಮಾಡಿದ ಅಂಗಿಯ, ಮೆತ್ತಗಿನ ದನಿಯ ಮನುಷ್ಯ. ಲೋಕಮ್ಮನವರಿಗೆ ಕೈ ಮುಗಿದು ಕುರ್ಚಿ ಎಳೆದು ಕೊಟ್ಟರು. ಲೋಕಮ್ಮ ಕೂರಲಿಲ್ಲ.

"ಏನು ಹೇಳಲಿ ಮೇಡಂ. ನನ್ನ ಸೆಂಟರಿನ ಬೆಸ್ಟ್ ಹುಡುಗಿ. ಮನಸ್ಸಲ್ಲಿ ಇಷ್ಟು ದುಃಖ ಇಟ್ಕೊಂಡಿದ್ಲು ಅಂತ ನನಗೆ ತಿಳೀಲೇ ಇಲ್ಲ. ಜಟ್ಟಪ್ಪನೋರು ಮೊಬೈಲಲ್ಲಿ ಚೀಟಿ ತೋರಿಸಿದಾಗ ಕಣ್ಣೀರು ಬಂತು."

"ಈ ವಾರ ಅವಳಿಗೆ ಏನಾದ್ರೂ ಬರೆಯೋಕೆ ಕೊಟ್ಟಿದ್ರಾ?"

"ಇಲ್ಲ ಮೇಡಂ. ಪರೀಕ್ಷೆ ಹತ್ರ ಬಂತಲ್ಲ, ಈ ವಾರ ಬರೀ ರಿವಿಜನ್ನು. ಅವಳ ಹೊಸ ನೋಟ್‌ಬುಕ್ಕನ್ನ ನಾನು ನೋಡೇ ಇಲ್ಲ. ಎಲ್ಲೋ ಬೆಂಚಿನ ಮೇಲೆ ಬಿಟ್ಟು ಹೋಗಿದಾಳೆ, ಯಾರೋ ಎತ್ತಿಟ್ಟಿದಾರೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸಾಯೋ ಹೊತ್ತಲ್ಲೂ ಅಪ್ಪನ ಕಂಬಳೀನ ನೆನೆದು ಬರೆದಿದಾಳಲ್ಲ, ಅದನ್ನ ಯೋಚನೆ ಮಾಡಿದ್ರೆ ಕರುಳು ಕಿವುಚುತ್ತೆ."

ಲೋಕಮ್ಮ ಅವರನ್ನು ಒಂದು ಗಳಿಗೆ ನೋಡಿ, "ಹೌದು, ಕಿವುಚುತ್ತೆ," ಎಂದು ಹೊರಟರು.

*

ದಾರಿಯಲ್ಲಿ ಶಿರಾಳಕೊಪ್ಪದ ಪ್ರೆಸ್ಸಿನ ಮುಂದೆ ಹಮೀದಾ ಸ್ಕೂಟರು ನಿಲ್ಲಿಸಿದಳು. ಪ್ರೆಸ್ಸಿನ ಬಡೇಸಾಬ್ ಅವಳಿಗೆ ಚಿಕ್ಕಪ್ಪ ಆಗಬೇಕು. ಭಾನುವಾರವಾದ್ದರಿಂದ ಅರ್ಧ ಬಾಗಿಲು ತೆರೆದು ಕೂತಿದ್ದ.

"ಗುರುವಾರ ಒಬ್ಬ ಹುಡುಗಿ ಬಂದಿದ್ದಳಾ ಚಿಚ್ಚಾ?"

"ಬಂದಿದ್ಲಮ್ಮ, ಊರಿನ ಸಂಘದ ಲೆಟರ್‌ಹೆಡ್ಡಿನ ರೇಟು ಕೇಳೋಕೆ. ಶಿಕಾರಿಪುರದ ಸೆಂಟರ್ನೋಳು ಅಂದ್ಲು. ಹಂಗಾದ್ರೆ ನಿಮ್ ಮೇಷ್ಟ್ರ ಪುಸ್ತಕದ ಪ್ರೂಫು ತಗೊಂಡು ಹೋಗವ್ವ ಅಂತ ಕೊಟ್ಟೆ. ಇಲ್ಲೇ ನಿಂತು ಪುಟ ಪುಟ ತಿರುವಿ ಓದಿದ್ಲು. ಇದು ನಂದು ಅಂದ್ಲು. ಕೊಟ್ಟಿದ್ದನ್ನ ಇಲ್ಲೇ ಇಟ್ಟು ಹೊರಟುಹೋದ್ಲು. ಶುಕ್ರವಾರ ಹರೀಶ ಬಂದ, ಐದರಿಂದ ಏಳರವರೆಗೆ ಇಲ್ಲೇ ಕೂತು ಪುಸ್ತಕದ ಉಳಿದ ಪುಟ ಎಲ್ಲ ಸೆಟ್ ಮಾಡಿಸ್ಕೊಂಡು ಹೋದ. ಪುಸ್ತಕದ ವಿಷಯ ಯಾರಿಗೂ ಹೇಳ್ಬೇಡ ಅಂತ ಮೇಷ್ಟ್ರು ಆಣೆ ಹಾಕ್ಸಿದಾರೆ ಅಂತಿದ್ದ."

ಹಮೀದಾ ಮನಸ್ಸಿನಲ್ಲೇ ಹರೀಶನ ಮೇಲಿನ ಅನುಮಾನ ಬಿಟ್ಟಳು. ಲೋಕಮ್ಮ ಪ್ರೂಫು ತಿರುವುತ್ತಿದ್ದರು. ಪರೀಕ್ಷೆ ಬರೆಯುವವರಿಗೆ ಇಂಗ್ಲಿಷಿನ ಅಲಂಕಾರಗಳನ್ನು ವಿವರಿಸುವ ಪುಸ್ತಕ. ಮೊದಲ ಪುಟದಲ್ಲಿ ಸದಾಶಿವಪ್ಪನವರ ಹೆಸರು, ಫೋಟೋ. ಒಳಗಿನ ಉದಾಹರಣೆಗಳು: 'ಗುಡವಿಯ ಕೆರೆ ಹಕ್ಕಿಗಳ ಬಸ್‌ಸ್ಟ್ಯಾಂಡು.' 'ಉಣ್ಣೆ ಕತ್ತರಿಸಿದ ಕುರಿ ಸಂತೆಯಲ್ಲಿ ಪರ್ಸು ಕಳೆದುಕೊಂಡವನ ಹಾಗೆ ನಿಂತಿತು.'

"ಈ ಮನುಷ್ಯ ಕುರಿ ಸಾಕಿದಾನಾ?" ಎಂದು ಕೇಳಿದರು ಲೋಕಮ್ಮ.

"ಅವರಪ್ಪನದು ಪೇಟೆಯಲ್ಲಿ ಪಾತ್ರೆ ಅಂಗಡಿ," ಎಂದ ಬಡೇಸಾಬ್.

ಸಂಜೆ ಸೊರಬದಲ್ಲಿ ಲೋಕಮ್ಮ ನಾಗಶ್ರೀಯಿಂದ ಪಡೆದು ತಂದಿದ್ದ ಹೊಸ ನೋಟ್‌ಬುಕ್ಕಿನ ಖಾಲಿ ಪುಟ ತೆರೆದಿಟ್ಟುಕೊಂಡು ಅಡುಗೆಮನೆಗೂ ಜಗಲಿಗೂ ಓಡಾಡಿದರು. "ಹರಿದ ಹಾಳೆಯ ಮೇಲೆ ಇನ್ನೇನೋ ಇತ್ತು ಮಾರಾಯ್ತಿ. ಅದು ಸಿಕ್ಕರೆ ಮುಗೀತು. ಸುಟ್ಟುಹಾಕಿರ್ತಾನೆ."

ಹಮೀದಾ ಪುಟವನ್ನು ಓರೆ ಮಾಡಿ ನೋಡಿದಳು. ಬಟ್ಟೆಯ ಮೇಲೆ ಅಚ್ಚು ಮೂಡಿಸುವುದು ಅವಳ ದಿನದ ಕೆಲಸ. ಮನೆಗೆ ಹೋಗಿ ಗುರುತು ಹಾಕುವ ನೀಲಿ ಸುಣ್ಣದಕಡ್ಡಿ ತಂದು, ಪುಡಿ ಮಾಡಿ, ಬೆರಳ ತುದಿಯಿಂದ ಹಾಳೆಯ ಮೇಲೆ ಮೆಲ್ಲಗೆ ಸವರಿದಳು. ಮೇಲಿನ ಹಾಳೆಯಲ್ಲಿ ಒತ್ತಿ ಬರೆದದ್ದು ಕೆಳಗಿನದರಲ್ಲಿ ಗೀರಾಗಿ ಇಳಿದಿತ್ತು. ನೀಲಿಯ ನಡುವೆ ಬಿಳಿ ಅಕ್ಷರ ಒಂದೊಂದಾಗಿ ಎದ್ದವು. ಎಡಗಡೆ ಅಂಕಿಗಳು, ಅಂಕಿಗಳ ಪಕ್ಕ ಒಂದೊಂದು ಪದ, ಮೇಲೆ ಒಂದು ಶೀರ್ಷಿಕೆ, ತಾರೀಖು.

"ಅಕ್ಕ, ಚೀಟೀಲಿ ಆರು ಸಾಲಿತ್ತು. ಇಲ್ಲಿ ಏಳಿದೆ."

ಲೋಕಮ್ಮ ಬಗ್ಗಿ ಓದಿದರು. ಆಮೇಲೆ ಜಟ್ಟಪ್ಪನಿಗೆ ಫೋನು ಹಚ್ಚಿದರು.

*

ಸೋಮವಾರ ಹತ್ತು ಗಂಟೆಗೆ ಕೋಚಿಂಗ್ ಸೆಂಟರಿನ ಬೆಂಚುಗಳ ಮೇಲೆ ಮಾಳೇಶ, ನಾಗಶ್ರೀ, ಹರೀಶ ಕೂತಿದ್ದರು. ಸದಾಶಿವಪ್ಪ ತಮ್ಮ ಕುರ್ಚಿಯಲ್ಲೇ ಇದ್ದರು. ಜಟ್ಟಪ್ಪ ಬಾಗಿಲಲ್ಲಿ ನಿಂತ. ಲೋಕಮ್ಮ ಸೀಮೆಸುಣ್ಣ ತೆಗೆದುಕೊಂಡು ಕಪ್ಪು ಹಲಗೆಯ ಮುಂದೆ ನಿಂತಾಗ ಹಮೀದಾಳಿಗೆ ಅವರು ಹತ್ತು ವರ್ಷ ಚಿಕ್ಕವರಾದಂತೆ ಕಂಡಿತು.

"ಈ ಚೀಟಿ ಓದಿದೋರೆಲ್ಲ ಅದರಲ್ಲಿ ಇದ್ದದ್ದನ್ನ ಇದ್ದ ಹಾಗೇ ನಂಬಿದ್ರು," ಎಂದು ಶುರು ಮಾಡಿದರು. "ನನಗೆ ಮೊದಲ ಸಲವೇ ಅನುಮಾನ ಬಂತು. ಸಾಯೋಕೆ ಹೊರಟೋರು ಸಾಲಿಗೊಂದು ಅಲಂಕಾರ ಇಟ್ಟು ಬರೆಯೂದಿಲ್ಲ. ನೋಡಿ. ದಿನಗಳು ಮರಿಯ ಹಾಗಿವೆ. 'ಹಾಗೆ' ಅಂತ ಹೋಲಿಸಿದ್ರೆ ಸಿಮಿಲಿ, ಉಪಮೆ. ಬದುಕು ದೊಡ್ಡಿ. 'ಹಾಗೆ' ಬಿಟ್ಟು, ಅದೇ ಇದು ಅಂದ್ರೆ ಮೆಟಫರ್, ರೂಪಕ. ನಾಲೆ ಕರೆಯುತ್ತೆ ಅಂತ ಜೀವವಿಲ್ಲದ್ದಕ್ಕೆ ಮನುಷ್ಯರ ಗುಣ ಕೊಟ್ರೆ ಪರ್ಸಾನಿಫಿಕೇಶನ್. ಸಾವಿರ ಸಲ ಸತ್ತೆ ಅನ್ನೂದು ಹೈಪರ್ಬೊಲಿ, ಅತಿಶಯೋಕ್ತಿ. ಮೌನದ ಗದ್ದಲ ಅಂತ ಒಂದಕ್ಕೊಂದು ಆಗದ ಎರಡನ್ನ ಜೋಡಿಸಿದ್ರೆ ಆಕ್ಸಿಮೋರಾನ್. ಓ ನಿದ್ದೆಯೇ ಅಂತ ಎದುರಿಗಿಲ್ಲದ್ದನ್ನ ಕರೆದು ಮಾತಾಡಿಸಿದ್ರೆ ಅಪಾಸ್ಟ್ರಫಿ. ಆರು ಸಾಲು, ಆರು ಬೇರೆ ಬೇರೆ ಅಲಂಕಾರ, ಒಂದೂ ಎರಡು ಸಲ ಬಂದಿಲ್ಲ. ಇದು ಮರಣಪತ್ರ ಅಲ್ಲ. ಹೋಮ್‌ವರ್ಕು."

ಮಾಳೇಶ ಎದ್ದು ನಿಂತುಬಿಟ್ಟ. "ಅಂದ್ರೆ ನನ್ ಮಗ್ಳು..."

"ನಿನ್ನ ಮಗಳು ಸಾಯೋಕೆ ಹೋಗಿಲ್ಲಪ್ಪ. ಕೂತ್ಕೋ."

ಅವರು ಹಳೆಯ ನೋಟ್‌ಬುಕ್ ಎತ್ತಿ ತೋರಿಸಿದರು. "ವಾರಕ್ಕೊಂದು ವಿಷಯ. ಪ್ರತಿ ಪುಟದಲ್ಲೂ ಅಂಕಿ, ಅಲಂಕಾರದ ಹೆಸರು, ಆಮೇಲೆ ವಾಕ್ಯ, ಇದೇ ಕ್ರಮದಲ್ಲಿ. ಚೀಟಿಯ ಎಡ ಅಂಚು ಯಾಕೆ ಹೋಯ್ತು ಅಂದ್ರೆ ಅಂಕಿಯೂ ಹೆಸರೂ ಅಲ್ಲಿದ್ದವು. ಮೇಲಿನದು ಹೋದದ್ದು ಶೀರ್ಷಿಕೆ, ತಾರೀಖು ಇದ್ದದ್ದಕ್ಕೆ. ಕತ್ತರಿಸಿದ್ದು ಆ ಕಟರಿನಲ್ಲಿ. ಅದು ಸಿಗೂದು ಇಬ್ಬರಿಗೆ. ಹರೀಶ ಶುಕ್ರವಾರ ಸಂಜೆ ಶಿರಾಳಕೊಪ್ಪದ ಪ್ರೆಸ್ಸಲ್ಲಿದ್ದ. ಪಾಪ, ಆಣೆಗೆ ಕಟ್ಟುಬಿದ್ದು ಅದನ್ನೂ ಹೇಳಲಿಲ್ಲ. ಮೇಲಾಗಿ, ಎಲ್ಲಿಗೆ ನಿಲ್ಲಿಸಿದ್ರೆ ಇದು ಮರಣಪತ್ರ ಆಗುತ್ತೆ ಅಂತ ತಿಳಿಯೋಕೆ ಇಂಗ್ಲಿಷು ಚೆನ್ನಾಗಿ ಬರಬೇಕು."

"ಮೇಡಂ, ಇದು ಅತಿಯಾಯ್ತು," ಎಂದರು ಸದಾಶಿವಪ್ಪ. ದನಿ ಇನ್ನೂ ಮೆತ್ತಗೇ ಇತ್ತು. "ನಾನು ಈ ವಾರ ಏನೂ ಬರೆಸಿಲ್ಲ. ಚೀಟಿ ನೋಡಿದ್ದೇ ಪೊಲೀಸರ ಮೊಬೈಲಲ್ಲಿ."

"ಮೊಬೈಲಲ್ಲಿ ನೋಡಿದ್ದು ಎಷ್ಟು ಸಾಲು?"

"ಎಲ್ಲರೂ ನೋಡಿದಷ್ಟೇ."

"ಹಾಗಾದ್ರೆ ಕಂಬಳಿ ಎಲ್ಲಿಂದ ಬಂತು ಮೇಷ್ಟ್ರೇ? ಅಪ್ಪನ ಕಂಬಳಿ ನೆನೆದು ಬರೆದಿದಾಳೆ ಅಂತ ನಿನ್ನೆ ನನ್ನ ಮುಂದೆ ಕನ್ನಡಕ ಒರೆಸಿಕೊಂಡಿರಿ. ಈ ಆರು ಸಾಲಲ್ಲಿ ಕಂಬಳಿ ಎಲ್ಲಿದೆ, ತೋರಿಸಿ."

ಜಟ್ಟಪ್ಪ ಮೊಬೈಲು ತೆಗೆದು ಗಡಿಬಿಡಿಯಿಂದ ನೋಡಿದ. ಲೋಕಮ್ಮ ಹೊಸ ನೋಟ್‌ಬುಕ್ಕಿನ ನೀಲಿ ಪುಟ ತೆರೆದು ಮೇಜಿನ ಮೇಲಿಟ್ಟರು.

"ಇದು ಹಮೀದಾಳ ಕೈಚಳಕ. ಶೀರ್ಷಿಕೆ 'ದುಃಖ'. ತಾರೀಖು ಕಳೆದ ಬುಧವಾರದ್ದು. ಏಳನೇದು ಮೆಟಾನಿಮಿ. ಮನುಷ್ಯನ ಹೆಸರು ಹೇಳದೆ ಅವನಿಗೆ ಅಂಟಿಕೊಂಡ ವಸ್ತುವಿನಿಂದ ಅವನನ್ನ ಸೂಚಿಸೂದು. ಅವಳು ಬರೆದಿರೋದು, 'ನಾನು ಊರು ಬಿಟ್ಟ ದಿನ ಒಂದು ಕರಿಕಂಬಳಿ ಅತ್ತಿತು.' ಅದು ಕೊನೆಗಿದ್ರೆ ಇದು ಸಾಯೋರ ಪತ್ರದ ಹಾಗೆ ಕಾಣ್ತಿರಲಿಲ್ಲ, ಓದಿದೋರಿಗೆ ಸಂಶಯ ಬರ್ತಿತ್ತು. 'ಎಬ್ಬಿಸಬೇಡ' ಅಲ್ಲಿಗೆ ಕತ್ತರಿಸಿದ್ರಿ. ಕಾಗದದಿಂದ ಹೋಯ್ತು, ನಿಮ್ಮ ತಲೆಯಿಂದ ಹೋಗಲಿಲ್ಲ. ಆ ಸಾಲನ್ನ ಓದಿರೋದು ಬರೆದೋಳು ಮತ್ತೆ ಕತ್ತರಿಸಿದೋರು, ಇಬ್ಬರೇ."

ಮಾಳೇಶ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿ ಹಿಡಿದಿದ್ದ. ಹಮೀದಾ ಅವನ ಕಡೆ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು.

ಸದಾಶಿವಪ್ಪ ತಮ್ಮ ಅಂಗೈ ನೋಡುತ್ತಲೇ ಮಾತಾಡಿದರು.

"ಮೂವತ್ತು ವರ್ಷ ಪಾಠ ಮಾಡ್ದೆ. ನನ್ನದು ಅಂತ ಒಂದು ವಾಕ್ಯ ಹುಟ್ಟಲಿಲ್ಲ. ಆ ಹುಡುಗಿ ಕೂತಲ್ಲೇ ಬರೀತಿದ್ಲು. ಪ್ರೂಫು ನೋಡಿ ನನಗೆ ಫೋನ್ ಮಾಡಿ, ಸೋಮವಾರ ಕ್ಲಾಸಲ್ಲಿ ಎಲ್ಲರ ಮುಂದೆ ಕೇಳ್ತೀನಿ ಅಂದ್ಲು. ಶುಕ್ರವಾರ ಬೈಕಲ್ಲಿ ಏರಿ ಹತ್ರ ಹೋಗಿ ನಿಂತೆ. ಇಬ್ಬರ ಹೆಸರೂ ಹಾಕೋಣ ಅಂದೆ. ನಿಮ್ಮದು ಒಂದು ಸಾಲೂ ಇಲ್ಲವಲ್ಲ ಸರ್, ನಿಮ್ಮ ಹೆಸರು ಯಾಕೆ ಅಂದ್ಲು. ತಳ್ಳಿದೆ. ಬೀಳಲಿ ಅಂತ ತಳ್ಳಲಿಲ್ಲ. ರಕ್ತ ನೋಡಿದೆ, ಸತ್ತೇಹೋದ್ಲು ಅಂದ್ಕೊಂಡೆ. ತಿದ್ದೋಕೆ ಅಂತ ಕೊಟ್ಟಿದ್ದ ಅವಳ ನೋಟ್‌ಬುಕ್ಕು ಸೆಂಟರಲ್ಲೇ ಇತ್ತು, ರಾತ್ರಿ ಬಂದು ಹಾಳೆ ಕತ್ತರಿಸಿ ಅದರಲ್ಲೇ ಇಟ್ಟೆ."

"ನೀರಿನಿಂದ ಮೇಲೆ ಎತ್ತಲಿಲ್ಲ," ಎಂದರು ಲೋಕಮ್ಮ.

ಜಟ್ಟಪ್ಪ ಬಂದು ಅವರ ತೋಳು ಹಿಡಿದ. ಹರೀಶ ಎದ್ದು ಗೋಡೆಯ ಕಡೆ ತಿರುಗಿ ನಿಂತ.

*

ರೋಜಾ ಕಣ್ಣು ತೆರೆದದ್ದು ಹನ್ನೊಂದನೇ ದಿನ. ಅಪ್ಪನ ಗುರುತು ಸಿಕ್ಕಿತು, ನಾಗಶ್ರೀಯ ಗುರುತು ಸಿಕ್ಕಿತು. ಬಸ್ಸಿನಿಂದ ಇಳಿದದ್ದು ನೆನಪಿತ್ತು, ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಸುದ್ದಿ ತಿಳಿದ ತಕ್ಷಣ ಹಮೀದಾ ಲೋಕಮ್ಮನವರನ್ನು ಹಿಂದೆ ಕೂರಿಸಿಕೊಂಡು ಬಂದಳು.

ಮಾಳೇಶ ವಾರ್ಡಿನ ಹೊರಗೆ ಅತ್ತಿಂದಿತ್ತ ತಿರುಗುತ್ತಿದ್ದ. ಅವನ ಕಣ್ಣಿನಲ್ಲಿ ನಿದ್ದೆ ಇರಲಿಲ್ಲ.

"ಬೆಳಗಿಂದ ಒಂದೇ ಕೇಳ್ತಾಳೆ ಟೀಚರೇ, ನಂಗೇನಾಯ್ತು ಅಪ್ಪಾಜಿ ಅಂತ. ಕಾಲು ಜಾರಿ ಬಿದ್ದೆ ಅಂತ ಹೇಳ್ಬಿಡ್ಲಾ? ಆ ಮೇಷ್ಟ್ರು ಅಂದ್ರೆ ದೇವ್ರು ಅಂತಿದ್ಲು. ಹೆಂಗ್ ಹೇಳ್ಲಿ? ಸುತ್ತಿ ಬಳಸಿ ಹೇಳೋದಾದ್ರೂ ಹೆಂಗೆ ಅಂತ ನೀವೇ ಹೇಳ್ಕೊಡ್ರಿ."

ಲೋಕಮ್ಮ ತಲೆಯಾಡಿಸಿದರು. "ಸುತ್ತಿ ಬಳಸೂದು ಬೇಡ. ಇದ್ದದ್ದನ್ನ ಇದ್ದ ಹಾಗೆ, ಮೊದಲಿಂದ ಕೊನೆಯವರೆಗೆ ಹೇಳು. ತಡಕೊಳ್ತಾಳೆ."

ಮಾಳೇಶ ಒಳಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತ. ಹಮೀದಾ ಬಾಗಿಲ ಸಂದಿನಿಂದ ನೋಡಿದಳು. ಅವನು ನಿಧಾನವಾಗಿ ಹೇಳುತ್ತಿದ್ದ, ನಡುನಡುವೆ ನಿಲ್ಲುತ್ತಿದ್ದ, ಮತ್ತೆ ಹೇಳುತ್ತಿದ್ದ. ರೋಜಾ ಛಾವಣಿ ನೋಡುತ್ತ ಕೇಳಿದಳು. ಕಣ್ಣಿನ ತುದಿಯಿಂದ ನೀರು ಬ್ಯಾಂಡೇಜಿಗೆ ಇಳಿಯಿತು. ಅವನು ಮಾತು ಮುಗಿಸಿ ತಲೆ ತಗ್ಗಿಸಿದ. ಹೊರಗೆ ಲೋಕಮ್ಮ ಮೊದಲ ಬಾರಿಗೆ ಬೆಂಚಿನ ಮೇಲೆ ಕೂತಿದ್ದರು.

ಆಮೇಲೆ ರೋಜಾ ಅಪ್ಪನ ತಲೆಯ ಮೇಲೆ ಕೈಯಿಟ್ಟು, ತೊದಲುವ ನಾಲಿಗೆಯಲ್ಲೇ ಕೇಳಿದಳು:

"ಪರೀಕ್ಷೆ ಯಾವ ತಾರೀಖು ಅಪ್ಪಾಜಿ? ಮುಗಿದು ಹೋಯ್ತಾ?"

"ಇಲ್ಲ ಕಣವ್ವ," ಎಂದ ಮಾಳೇಶ. "ಇನ್ನೂ ಹದಿನೆಂಟು ದಿನ ಐತೆ."